ಖಾದರ್ ಮೇಸ್ತ್ರಿಯ ಕಲ್ಲು ಸಮ ಮಾಡಿದ್ದು

ಯಶವಂತಪುರದ ಒಂದು ಫೌಂಡ್ರಿಯಲ್ಲಿ ಮೂವತ್ತಾರು ವರ್ಷ ದುಡಿದು ಎರಡು ವರ್ಷದ ಹಿಂದೆ ಮನೆಗೆ ಬಂದೆ. ಮನೆ ಕೆಂಪಾಪುರದಲ್ಲಿ. ನಾನು ಸುಮ್ಮನೆ ಕೂತರೆ ನನಗೂ ಹಿಂಸೆ, ಹೆಂಡತಿಗೂ ಹಿಂಸೆ. ಮಾಕಳಿಯ ಹತ್ತಿರ ಮರದ ಮೇಜು ಕುರ್ಚಿ ಮಾಡುವ ಒಂದು ಕಾರ್ಖಾನೆಯವರು, ವಾರಕ್ಕೆ ಎರಡು ದಿನ ಬಂದು ಹೊಸಬರಿಗೆ ಉಳಿ, ಹತ್ತರಿ ಹರಿತ ಮಾಡುವುದನ್ನು ಕಲಿಸಿ ಎಂದಾಗ ಮರುಮಾತಿಲ್ಲದೆ ಒಪ್ಪಿಕೊಂಡೆ. ಹತ್ತರಿ ಎಂದರೆ ಮರ ಕೀಸುವ ಸಾಧನ, ಈಗಿನವರು ಪ್ಲೇನರ್ ಎನ್ನುತ್ತಾರೆ. ಅಲ್ಲಿ ಕಲಿಯಲು ಬಂದವರೇ "ಸರ್, ಬಾಯಲ್ಲಿ ಹೇಳಿದ್ದು ಮರ್ತ್‌ಹೋಗುತ್ತೆ, ಬರೆದ್‌ಕೊಡಿ" ಎಂದು ಬೆನ್ನು ಬಿದ್ದರು. ಅದಕ್ಕೇ ಬರೆಯಲು ಕೂತಿದ್ದೇನೆ.

ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುವಾಗ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಅದರಿಂದ ನಿಮ್ಮ ಉಳಿ ಹರಿತವಾಗುವುದಿಲ್ಲ. ಗಾಜಿನ ಮೇಲೆ ಕಾಗದ ಹಾಸಿ ಸಾಣೆ ಹಿಡಿಯುವುದು ನನಗೆ ಹೇಗೆ ಬಂತು, ಅದರಲ್ಲಿ ಎಲ್ಲೆಲ್ಲಿ ಎಡವಿದೆ, ಅದರ ಅಮಲಿನಲ್ಲಿ ಒಬ್ಬ ದೊಡ್ಡ ಕೆಲಸಗಾರನಿಗೆ ಏನು ಮಾಡಿಬಿಟ್ಟೆ, ಇಷ್ಟನ್ನು ಬರೆಯುತ್ತೇನೆ. ಕೊನೆಯದನ್ನು ಇದುವರೆಗೆ ಹೆಂಡತಿಗೂ ಪೂರ್ತಿ ಹೇಳಿಲ್ಲ.

ನಮ್ಮದು ಪ್ಯಾಟರ್ನ್ ಶಾಪ್. ಕಬ್ಬಿಣದ ಪಂಪಿನ ಕವಚವನ್ನೋ ಗೇರ್ ಪೆಟ್ಟಿಗೆಯನ್ನೋ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದೇ ಪ್ಯಾಟರ್ನ್. ಅದನ್ನು ಮರಳಿನಲ್ಲಿ ಒತ್ತಿ ಹೊರತೆಗೆದರೆ ಅಚ್ಚು ಉಳಿಯುತ್ತದೆ, ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಮರದ ಮೇಲೆ ಗೀರು ಉಳಿದರೆ ಕಬ್ಬಿಣದ ಮೇಲೂ ಗೀರು ಬರುತ್ತದೆ. ಮರ ನುಣುಪಾಗಿಲ್ಲದಿದ್ದರೆ ಮರಳಿನಿಂದ ಎತ್ತುವಾಗ ಅಚ್ಚು ಒಡೆಯುತ್ತದೆ, ಅಚ್ಚು ಕಟ್ಟುವವರು ಬಂದು ನಮ್ಮ ಮನೆಯವರನ್ನೆಲ್ಲ ಬೈದು ಹೋಗುತ್ತಾರೆ. ಹಾಗಾಗಿ ನಮ್ಮ ಕೆಲಸದಲ್ಲಿ ಅರ್ಧ ದಿನ ಮರದ ಮುಂದೆ ಕಳೆದರೆ ಇನ್ನರ್ಧ ಸಾಣೆಕಲ್ಲಿನ ಮುಂದೆ.

ನಾನು ಸೇರಿದಾಗ ಅಲ್ಲಿ ಖಾದರ್ ಮೇಸ್ತ್ರಿ ಇದ್ದರು. ಗಂಗಾನಗರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದರು. ಸಣ್ಣ ಆಳು, ದಪ್ಪ ಮಣಿಕಟ್ಟು. ಮನೆಮಾತು ಉರ್ದು, ನಮ್ಮ ಜೊತೆ ಕನ್ನಡ. ಅವರ ಬೆಂಚಿನ ಎಡತುದಿಯಲ್ಲಿ ತೇಗದ ಪೆಟ್ಟಿಗೆಯೊಂದರಲ್ಲಿ ಎಣ್ಣೆ ಕಲ್ಲು ಇರುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ತಿಂಗಳು ಸಿಟಿ ಮಾರ್ಕೆಟ್ಟಿನಲ್ಲಿ ಕೊಂಡದ್ದಂತೆ, ಒಂದು ಗೇಣಿಗಿಂತ ಸ್ವಲ್ಪ ಉದ್ದ. ನಾನು ನೋಡುವ ಹೊತ್ತಿಗೆ ಅದರ ನಡುಭಾಗ ಸವೆದು ತಗ್ಗಾಗಿತ್ತು. ಅಂಗೈಯಲ್ಲಿ ನೀರು ಹಿಡಿಯುವಾಗ ಕೈ ಎಷ್ಟು ಬಾಗುತ್ತದೋ ಅದಕ್ಕಿಂತ ತುಸು ಕಡಿಮೆ. ಆ ತಗ್ಗಿನಲ್ಲಿ ಎರಡು ಹನಿ ಎಣ್ಣೆ ಬಿಟ್ಟು ಹತ್ತರಿಯ ಅಲಗು ಇಟ್ಟರೆಂದರೆ ಇಪ್ಪತ್ತು ಎಳೆತ, ಅಷ್ಟೆ. ಎಣಿಸಿ ನೋಡಿದ್ದೇನೆ. ಆಮೇಲೆ ಅಲಗಿನ ತುದಿಯನ್ನು ಹೆಬ್ಬೆಟ್ಟಿನ ಉಗುರಿನ ಮೇಲೆ ನಿಲ್ಲಿಸುತ್ತಿದ್ದರು. ಜಾರಿದರೆ ಇನ್ನೂ ಬೇಕು, ಕಚ್ಚಿಕೊಂಡು ನಿಂತರೆ ಸಾಕು.

ಅವರ ಹತ್ತರಿ ಓಡಿದ ಮರದ ಮೇಲೆ ಗೆರೆ ಎಂಬುದೇ ಇರುತ್ತಿರಲಿಲ್ಲ. ನಾವೆಲ್ಲ ಕೀಸಿ, ಮೇಲೆ ಉಪ್ಪು ಕಾಗದ ಹಾಕಿ ಉಜ್ಜಿ, ಬಣ್ಣ ಬಳಿದು ಮುಚ್ಚುತ್ತಿದ್ದೆವು. ಅವರ ಬೆಂಚಿನಲ್ಲಿ ಉಪ್ಪು ಕಾಗದ ಇರಲೇ ಇಲ್ಲ. "ಅದು ಅಳೋ ಮಗೂಗೆ ಮಿಠಾಯಿ ಕೊಟ್ಟಂಗೆ ಕಣಪ್ಪ. ಕೆಲ್ಸ ಸರಿಯಾಗಿದ್ರೆ ಮಗು ಯಾಕೆ ಅಳುತ್ತೆ?" ಎನ್ನುತ್ತಿದ್ದರು.

ನನ್ನ ಕೈಯಲ್ಲಿ ಮಾತ್ರ ಮಗು ಅತ್ತಿದ್ದೇ ಅತ್ತಿದ್ದು. ಕಲ್ಲಿನ ಮೇಲೆ ಉಳಿ ಹಿಡಿದರೆ ಕೈ ತೂಗಾಡುತ್ತಿತ್ತು, ಮೊನೆ ದುಂಡಗಾಗಿಬಿಡುತ್ತಿತ್ತು. ವರ್ಷಗಟ್ಟಲೆ ಹಾಗೇ ನಡೆಯಿತು. ಮೇಸ್ತ್ರಿ ಹಿಂದಿನಿಂದ ಬಂದು ನೋಡಿ, "ಮುನಿರಾಜ್, ಉಳಿ ಸಾಣೆ ಹಿಡೀತಿದೀಯೋ, ಕಲ್ಲಿಗೆ ಮಾಲೀಸು ಮಾಡ್ತಿದೀಯೋ?" ಎಂದು ಕೇಳಿ, ನನ್ನ ಮಣಿಕಟ್ಟಿನ ಮೇಲೆ ತಮ್ಮ ಕೈ ಇಟ್ಟು ಹತ್ತು ಸಲ ಎಳೆಸುತ್ತಿದ್ದರು. ಅವರ ಕೈ ಇದ್ದಷ್ಟು ಹೊತ್ತು ಬರುತ್ತಿತ್ತು. ತೆಗೆದರೆ ಹೋಗುತ್ತಿತ್ತು.

ಕಾಗದದ ವಿದ್ಯೆ ನನಗೆ ಸಿಕ್ಕಿದ್ದು ಕಳ್ಳತನದಿಂದ. ನಮ್ಮ ಇನ್‌ಸ್ಪೆಕ್ಷನ್ ರೂಮಿನಲ್ಲಿ ಸರ್ಫೇಸ್ ಪ್ಲೇಟ್ ಎಂಬ ಕಬ್ಬಿಣದ ಹಾಸು ಇತ್ತು. ಭೂಮಿಯ ಮೇಲೆ ಅದಕ್ಕಿಂತ ಸಮವಾದದ್ದು ಇಲ್ಲ ಎಂಬಂತೆ ಅದರ ಇನ್‌ಚಾರ್ಜ್ ವರದರಾಜನ್ ಅದಕ್ಕೆ ಬಟ್ಟೆ ಹೊದಿಸಿ, ಎಣ್ಣೆ ಒರೆಸಿ, ದೇವರ ಮನೆಯಂತೆ ಇಟ್ಟುಕೊಂಡಿದ್ದರು. ಒಂದು ಮಧ್ಯಾಹ್ನ ಅವರು ಊಟಕ್ಕೆ ಹೋಗಿದ್ದಾಗ, ಪೇಂಟಿಂಗ್ ವಿಭಾಗದಿಂದ ತಂದಿದ್ದ ಒಂದು ವಾಟರ್ ಪೇಪರ್ ಹಾಳೆಯನ್ನು ನೀರಲ್ಲಿ ನೆನೆಸಿ ಅದರ ಮೇಲೆ ಹಾಸಿದೆ. ಕಾರಿಗೆ ಬಣ್ಣ ಹೊಡೆಯುವ ಮುಂಚೆ ಉಜ್ಜುತ್ತಾರಲ್ಲ, ಆ ಕಪ್ಪು ಕಾಗದ. ಉಳಿಯ ಬೆನ್ನನ್ನು, ಅಂದರೆ ಇಳಿಜಾರಿಲ್ಲದ ಚಪ್ಪಟೆ ಮುಖವನ್ನು, ಅದರ ಮೇಲೆ ಒತ್ತಿ ಹಿಂದಕ್ಕೂ ಮುಂದಕ್ಕೂ ಉಜ್ಜಿದೆ. ಐದು ನಿಮಿಷದಲ್ಲಿ ಬೆನ್ನಿನ ತುದಿ ಕನ್ನಡಿಯಾಯಿತು. ನನ್ನ ಮೂಗಿನ ಕೂದಲು ಅದರಲ್ಲಿ ಕಂಡವು. ಅಷ್ಟು ವರ್ಷ ನನ್ನ ಉಳಿಯ ತಪ್ಪು ಮೊನೆಯಲ್ಲಿದೆ ಎಂದುಕೊಂಡಿದ್ದೆ, ಅದು ಇದ್ದದ್ದು ಬೆನ್ನಿನಲ್ಲಿ.

ಆ ಸಂತೋಷದಲ್ಲಿ ಬಾಗಿಲು ತೆರೆದದ್ದೇ ಗೊತ್ತಾಗಲಿಲ್ಲ.

"ಏನಯ್ಯಾ ಅದು? ನೀರಾ? ನನ್ ಪ್ಲೇಟ್ ಮೇಲೆ ನೀರಾ?" ವರದರಾಜನ್ ಅವರ ದನಿ ಫರ್ನೇಸಿನವರೆಗೂ ಕೇಳಿಸಿತಂತೆ. ಲಿಖಿತ ವಿವರಣೆ ಬರೆದುಕೊಟ್ಟೆ, ಮೂರು ದಿನ ಪ್ಲೇಟ್ ಒರೆಸಿದೆ. ಹತ್ತು ದಿನ ಅವರು ನನ್ನನ್ನು ಕಂಡರೆ ತಮಿಳಿನಲ್ಲಿ ಮಾತ್ರ ಮಾತಾಡಿದರು. ಮೇಸ್ತ್ರಿ ನಕ್ಕರು. ಆಮೇಲೆ ನನ್ನ ಉಳಿ ತೆಗೆದುಕೊಂಡು ಉಗುರಿನ ಮೇಲೆ ನಿಲ್ಲಿಸಿ, "ಬೈಸ್ಕೊಂಡಿದ್ದಕ್ಕೂ ನಷ್ಟ ಇಲ್ಲ ಬಿಡು, ಕಚ್ತಾ ಇದೆ" ಎಂದರು. ಅವರು ನನ್ನ ಹರಿತವನ್ನು ಒಪ್ಪಿದ್ದು ಅದೇ ಮೊದಲು.

ಆ ವಾರವೇ ಆರ್.ಟಿ. ನಗರದ ಒಂದು ಗಾಜಿನ ಅಂಗಡಿಯಲ್ಲಿ ಒಡೆದ ಶೋಕೇಸಿನ ತುಂಡೊಂದನ್ನು ಹಿಡಿದು ತಂದೆ. ಬೆರಳಿನ ದಪ್ಪದ ಗಾಜು. ಅಂಚು ಉಜ್ಜಿಸದೆ ಹಾಗೇ ತಂದು ಅಂಗೈ ಕುಯ್ದುಕೊಂಡೆ. ನೀವು ಅಂಚನ್ನು ಅಂಗಡಿಯಲ್ಲೇ ಉಜ್ಜಿಸಿ. ಇಲ್ಲವೇ ಅಡುಗೆಮನೆ ಕಟ್ಟೆಗೆ ಹಾಕಿ ಮಿಕ್ಕ ಗ್ರಾನೈಟ್ ತುಂಡು ತನ್ನಿ, ಅದರ ಹೊಳಪಿನ ಮುಖ ಸಾಕಷ್ಟು ಸಮವಿರುತ್ತದೆ. ಕೆಳಗೆ ಒದ್ದೆ ಗೋಣಿ ಹಾಕಿ, ಜಾರುವುದಿಲ್ಲ. ಗಾಜಿನ ಮೇಲೆ ನೀರು ಚಿಮುಕಿಸಿ ಕಾಗದ ಇಟ್ಟರೆ ಅದೇ ಹಿಡಿದುಕೊಳ್ಳುತ್ತದೆ, ಅಂಟು ಬೇಡ. ಒರಟಿನಿಂದ ನಯಕ್ಕೆ ಹೋಗಿ. ಕಾಗದದ ಹಿಂಬದಿಯಲ್ಲಿ ನಂಬರ್ ಇರುತ್ತದೆ, ಹೆಚ್ಚಾದಷ್ಟೂ ನಯ: ಇನ್ನೂರಿಪ್ಪತ್ತು, ನಾನೂರು, ಎಂಟುನೂರು, ಸಾವಿರದೈನೂರು. ಒಂದರ ಗೀರು ಪೂರ್ತಿ ಹೋಗುವ ಮುಂಚೆ ಮುಂದಿನದಕ್ಕೆ ಹಾರಬೇಡಿ. ಅಲಗಿಗೆ ಸ್ಕೆಚ್ ಪೆನ್ನಿನ ಬಣ್ಣ ಬಳಿದುಕೊಳ್ಳಿ, ಎಲ್ಲಿ ಉಜ್ಜುತ್ತಿಲ್ಲವೋ ಅಲ್ಲಿ ಬಣ್ಣ ಉಳಿದು ನಿಮ್ಮ ಮಾನ ಕಳೆಯುತ್ತದೆ. ಮೊನೆಯನ್ನು ಹಿಂದಕ್ಕೆ ಮಾತ್ರ ಎಳೆಯಿರಿ, ಮುಂದಕ್ಕೆ ತಳ್ಳಿದರೆ ಕಾಗದ ಸೀಳುತ್ತದೆ. ಕೊನೆಗೆ ಹಳೆಯ ಬೆಲ್ಟಿನ ಚರ್ಮಕ್ಕೆ ಪಾಲಿಶ್ ಸವರಿ ಹತ್ತು ಸಲ ಎಳೆಯಿರಿ. ಇಷ್ಟೇ ವಿದ್ಯೆ. ನನಗೆ ಇದು ಕೈಗೆ ಹತ್ತಲು ಒಂದು ವರ್ಷ ಹಿಡಿಯಿತು, ನಿಮಗೆ ಒಂದು ತಿಂಗಳು ಸಾಕು.

ಕೈಗೆ ಹತ್ತಿದ ಮೇಲೆ ನನಗೆ ಕೊಂಬು ಬಂತು. ಬಂದವರಿಗೆಲ್ಲ ಮುಂಗೈ ಕೂದಲು ಬೋಳಿಸಿ ತೋರಿಸುತ್ತಿದ್ದೆ. ಎಡ ಮುಂಗೈ ಬೋಳಾಗಿ, ಬಲದ ಮೇಲೂ ಕೂದಲಿಲ್ಲದಂತಾಗಿ, ಮನೆಯಲ್ಲಿ ಹೆಂಡತಿ ಇದೇನು ಚರ್ಮದ ಕಾಯಿಲೆಯಾ ಎಂದು ಕೇಳಿದಳು. ಹೊಸ ಮ್ಯಾನೇಜರ್ ಪ್ರಸನ್ನ ಕುಮಾರ್ ಬಂದ ಮೇಲಂತೂ ಹೇಳುವುದೇ ಬೇಡ. ಅವರಿಗೆ ಎಲ್ಲವೂ ಒಂದೇ ಥರ ಇರಬೇಕು. "ಇದೇ ಬೇಕಾಗಿದ್ದು ನೋಡಿ. ಎಲ್ಲಾ ಬೆಂಚ್‌ಗೂ ಒಂದೊಂದು ಗ್ಲಾಸ್ ಹಾಕ್ಸಿ" ಎಂದು ಆರ್ಡರ್ ಮಾಡಿದರು. ಸ್ಟೋರಿನವರು ಉಳಿತಾಯಕ್ಕೆಂದು ಕಿಟಕಿಗೆ ಹಾಕುವ ತೆಳು ಗಾಜು ತರಿಸಿದರು. ಗಾಜು ಬಾಗುವುದಿಲ್ಲ ಎಂದು ನಾನೂ ತಿಳಿದಿದ್ದೆ. ಎರಡು ವಾರ ಎಲ್ಲರ ಉಳಿಯ ಬೆನ್ನೂ ವಿಚಿತ್ರವಾಗಿ ಬಂತು. ಒಬ್ಬರು ಉಕ್ಕೇ ಸರಿಯಿಲ್ಲ ಎಂದರು, ಇನ್ನೊಬ್ಬರು ಕಾಗದ ಡೂಪ್ಲಿಕೇಟ್ ಎಂದರು. ಕೊನೆಗೆ ನೋಡಿದರೆ ಬೆಂಚಿನ ಹಲಗೆಯೇ ಡೊಂಕು, ಕೆಳಗೆ ಮರದ ಪುಡಿ ಬೇರೆ. ಒತ್ತಿದಾಗ ತೆಳು ಗಾಜು ಅದರ ಜೊತೆಗೇ ಬಾಗುತ್ತಿತ್ತು. ಸಮ ಎಂದು ಕಂಡದ್ದೆಲ್ಲ ಸಮವಲ್ಲ ಎಂದು ಅವತ್ತೇ ಬುದ್ಧಿ ಬರಬೇಕಿತ್ತು. ದಪ್ಪ ಗಾಜು ತರಿಸಿ ಸುಮ್ಮನಾದೆ.

ಮೇಸ್ತ್ರಿಯ ಬೆಂಚಿಗೂ ಗಾಜು ಬಂತು. ಅವರು ಅದರ ಮೇಲೆ ಟೀ ಲೋಟ ಇಟ್ಟುಕೊಂಡರು.

ಇನ್ನು ಆ ದಿನಗಳಿಗೆ ಬರುತ್ತೇನೆ. ಬರೆಯದೆ ತಪ್ಪಿಸಿಕೊಳ್ಳೋಣ ಎಂದು ಎರಡು ದಿನ ಪೆನ್ನು ಮುಟ್ಟಿರಲಿಲ್ಲ.

ಹೊರದೇಶದ ಗಿರಾಕಿಗಳು ಶಾಪ್ ನೋಡಲು ಬರುವವರಿದ್ದರು. ಮ್ಯಾನೇಜರ್ ಒಂದೊಂದು ಬೆಂಚನ್ನೂ ನೋಡುತ್ತಾ ಬಂದು ಮೇಸ್ತ್ರಿಯ ಬೆಂಚಿನ ಹತ್ತಿರ ನಿಂತರು. ಮೇಸ್ತ್ರಿ ರಂಜಾನ್ ಹಬ್ಬಕ್ಕೆ ನಾಲ್ಕು ದಿನ ರಜೆಯಲ್ಲಿದ್ದರು. ಪ್ರಸನ್ನ ಕುಮಾರ್ ತೇಗದ ಪೆಟ್ಟಿಗೆಯ ಮುಚ್ಚಳ ತೆಗೆದು ಕಲ್ಲು ನೋಡಿ, "ಏನ್ರೀ ಮುನಿರಾಜು, ಮಧ್ಯದಲ್ಲಿ ಹೊಂಡ ಬಿದ್ದಿದೆ! ಇದ್ರಲ್ಲಿ ಏನ್ ಹರಿತ ಆಗುತ್ತೆ? ಗಿರಾಕಿಗಳು ನೋಡಿದ್ರೆ ನಗ್ತಾರೆ ಅಷ್ಟೆ" ಎಂದರು.

ಅವರು ಕಲ್ಲು ಸಮ ಮಾಡಿ ಎಂದು ಹೇಳಲಿಲ್ಲ. ಇದನ್ನು ಎಷ್ಟೋ ಸಲ ನೆನಪು ಮಾಡಿಕೊಂಡು ನೋಡಿದ್ದೇನೆ, ಅವರ ಮೇಲೆ ಹಾಕಿಬಿಡೋಣ ಎಂದು. ಇಲ್ಲ. "ನಾನು ಸರಿಮಾಡಿ ಇಡ್ತೀನಿ ಸಾರ್, ಮೇಸ್ತ್ರಿ ಬರೋಷ್ಟ್ರಲ್ಲಿ ಹೊಸದಾಗಿರುತ್ತೆ" ಎಂದವನು ನಾನೇ. ಮೇಸ್ತ್ರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಅವರ ಕಲ್ಲು ಅಷ್ಟು ಸವೆದಿರುವಾಗಲೇ ಅವರು ಅಷ್ಟು ಚೆನ್ನಾಗಿ ಹರಿತ ಮಾಡುತ್ತಾರೆ, ಇನ್ನು ಸಮ ಮಾಡಿಕೊಟ್ಟರೆ ಹೇಗಿರಬಹುದು ಎಂದುಕೊಂಡೆ.

ದಪ್ಪ ಗಾಜಿನ ಮೇಲೆ ಎಂಬತ್ತರ ಒರಟು ಕಾಗದ ಹಾಸಿದೆ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಹಾಕಿ, ಕವುಚಿ ಉಜ್ಜಿದೆ. ತುದಿಗಳ ಗೆರೆ ತಕ್ಷಣ ಹೋದವು. ನಡುವಿನವು ಹೋಗಲಿಲ್ಲ. ಎರಡು ದಿನ ಉಜ್ಜಿದೆ. ಹದಿನಾಲ್ಕು ಹಾಳೆ ಬೋಳಾದವು, ಬಕೆಟ್ಟಿನ ನೀರು ಬೂದಿ ಬಣ್ಣದ ಕೆಸರಾಯಿತು, ಬೆರಳ ತುದಿಗಳು ರಕ್ತ ಕಂಡವು. ಎರಡನೆಯ ದಿನ ಸಂಜೆ ನಟ್ಟನಡುವಿನ ಕೊನೆಯ ಪೆನ್ಸಿಲ್ ಗೆರೆ ಅಳಿಸಿತು. ಉಕ್ಕಿನ ಅಡಿಪಟ್ಟಿ ಇಟ್ಟು ಬೆಳಕಿಗೆ ಹಿಡಿದೆ. ಎಲ್ಲೂ ಬೆಳಕು ನುಗ್ಗಲಿಲ್ಲ. ಅಷ್ಟು ಚೆನ್ನಾದ ಕೆಲಸವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಮೇಸ್ತ್ರಿ ರಜೆ ಮುಗಿಸಿ ಬಂದರು. ಎಲ್ಲರಿಗೂ ಡಬ್ಬಿಯಲ್ಲಿ ಹಾಲು ಶ್ಯಾವಿಗೆಯ ಶೀರ್ ಖುರ್ಮಾ ತಂದಿದ್ದರು, ನನಗೆ ಎರಡು ಲೋಟ ಹಾಕಿದರು. ಆಮೇಲೆ ಬೆಂಚಿಗೆ ಹೋಗಿ ಎಂದಿನಂತೆ ಪೆಟ್ಟಿಗೆ ತೆಗೆದು, ನೋಡದೆಯೇ ಹೆಬ್ಬೆರಳನ್ನು ಕಲ್ಲಿನ ಮೇಲೆ ಎಳೆದರು. ಎಣ್ಣೆ ಹಾಕುವ ಮುಂಚೆ ಧೂಳು ಒರೆಸುವ ಅಭ್ಯಾಸ ಅದು. ಹೆಬ್ಬೆರಳು ನಡುವಿಗೆ ಬಂದು ನಿಂತಿತು. ಮತ್ತೆ ತುದಿಯಿಂದ ಎಳೆದರು. ಆಗ ಬಗ್ಗಿ ನೋಡಿದರು.

"ಯಾರು?"

"ನಾನೇ ಮೇಸ್ತ್ರಿ. ಸಮ ಮಾಡಿದೀನಿ. ಎರಡು ದಿನ ಹಿಡೀತು."

ಅವರು ನನ್ನ ಬೆರಳುಗಳನ್ನು ನೋಡಿದರು. ತುದಿಗಳಿಗೆ ಪಟ್ಟಿ ಸುತ್ತಿಕೊಂಡಿದ್ದೆ. "ಕೈ ಎಲ್ಲಾ ಗಾಯ ಮಾಡ್ಕೊಂಡಿದೀಯಲ್ಲಪ್ಪ" ಎಂದರು. ಪೆಟ್ಟಿಗೆಯ ಮುಚ್ಚಳ ಹಾಕಿ, "ಚೆನ್ನಾಗ್ ಮಾಡಿದೀಯ" ಎಂದರು. ಅಷ್ಟೇ.

ಬೈದಿದ್ದರೆ ನಾನು ಇಷ್ಟು ಬರೆಯಬೇಕಾಗಿರಲಿಲ್ಲ.

ಆ ತಿಂಗಳು ಒಂದು ದೊಡ್ಡ ಪಂಪಿನ ಕವಚದ ಪ್ಯಾಟರ್ನ್ ಮೇಸ್ತ್ರಿಯ ಕೈಗೆ ಬಂತು. ತೇಗದ ಅಗಲ ಹಲಗೆ ಕೀಸುತ್ತಿದ್ದರು. ಟೀ ಹೊತ್ತಿಗೆ ಹತ್ತಿರ ಹೋದೆ. ಹಲಗೆಯ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೆರೆಗಳಿದ್ದವು. ಹತ್ತರಿಯ ಅಲಗಿನ ಎರಡು ಮೂಲೆಗಳೂ ಮರದಲ್ಲಿ ಇಳಿದು ಎಳೆದ ಗೆರೆ. ನಮ್ಮ ಮರದ ಮೇಲೆ ಯಾವಾಗಲೂ ಇರುತ್ತಿದ್ದಂಥದ್ದೇ. ಅವರ ಮರದ ಮೇಲೆ ಅದನ್ನು ಕಂಡದ್ದು ಅದೇ ಮೊದಲು. ಮೇಸ್ತ್ರಿ ಅಲಗು ಬಿಚ್ಚಿ ಮತ್ತೆ ಕಲ್ಲಿಗೆ ಹಿಡಿದರು. ಅವರ ಕೈ ಹಳೆಯ ದಾರಿಯಲ್ಲೇ ಹೋಗುತ್ತಿತ್ತು. ನಡುವಿಗೆ ಬಂದಾಗ ತುಸು ಇಳಿಯುತ್ತಿತ್ತು, ಆದರೆ ಇಳಿಯಲು ಅಲ್ಲಿ ಜಾಗವಿರಲಿಲ್ಲ, ಅಲಗು ಕಲ್ಲಿಗೆ ತಟ್ಟಿ ಟಕ್ ಎನ್ನುತ್ತಿತ್ತು. ಅವತ್ತು ಸಂಜೆ ಅವರು ನನ್ನ ಬೆಂಚಿಗೆ ಬಂದು, "ಒಂದ್ ಉಪ್ಪು ಕಾಗದ ಕೊಡಪ್ಪ" ಎಂದು ಕೇಳಿದರು. ಕೊಟ್ಟೆ. ಕೊಡುವಾಗ ಅವರ ಮುಖ ನೋಡಲಾಗಲಿಲ್ಲ.

ಏನಾಗಿದೆ ಎಂದು ತಿಳಿಯಲು ನನಗೆ ಇನ್ನೂ ಒಂದು ವಾರ ಬೇಕಾಯಿತು. ಅವರ ಹಳೆಯ ಅಲಗೊಂದು ಡ್ರಾಯರಿನಲ್ಲಿತ್ತು, ಕಲ್ಲು ಸಮ ಮಾಡುವ ಮುಂಚೆ ಹರಿತ ಮಾಡಿದ್ದು. ಅದರ ಮೊನೆಗೆ ಅಡಿಪಟ್ಟಿ ಹಿಡಿದೆ. ಎರಡೂ ಮೂಲೆಗಳಲ್ಲಿ ಕೂದಲೆಳೆಯಷ್ಟು ಬೆಳಕು. ಮೊನೆ ನೇರವಿರಲಿಲ್ಲ, ನಡುವಿನಲ್ಲಿ ಒಂದಿಷ್ಟೇ ಉಬ್ಬಿತ್ತು. ಹಾಗಿದ್ದರೆ ಮೂಲೆಗಳು ಮರಕ್ಕೆ ಇಳಿಯುವುದಿಲ್ಲ, ಗೆರೆ ಬೀಳುವುದಿಲ್ಲ. ಆ ಉಬ್ಬು ಬರುತ್ತಿದ್ದದ್ದು ಕಲ್ಲಿನ ತಗ್ಗಿನಿಂದ, ತಗ್ಗಿನ ಏರಿದ ಬದಿಗಳು ಅಲಗಿನ ಮೂಲೆಗಳನ್ನು ಹೆಚ್ಚು ಸವೆಸುತ್ತಿದ್ದವು. ಹತ್ತರಿಗೆ ನಡುವಿನ ತಗ್ಗು, ಉಳಿಗೆ ತುದಿಗಳ ಸಮ ಜಾಗ. ಒಂದೇ ಕಲ್ಲಿನಲ್ಲಿ ಎರಡನ್ನೂ ಇಟ್ಟುಕೊಂಡಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ತಮ್ಮ ಕೈಯಿಂದ ಕಲ್ಲನ್ನು ತಿದ್ದಿಕೊಂಡಿದ್ದರು. ಹದಿನಾಲ್ಕು ಹಾಳೆ ಕಾಗದದಲ್ಲಿ ನಾನು ಅದನ್ನು ತೆಗೆದುಹಾಕಿದ್ದೆ.

ಸಮವಾದ ಗಾಜಿನ ಮೇಲೂ ಆ ಉಬ್ಬು ತರಬಹುದು. ಕೊನೆಯ ಎಳೆತಗಳಲ್ಲಿ ಒಂದು ಮೂಲೆಯ ಮೇಲೆ ಬೆರಳೊತ್ತಿ ಆರು ಸಲ, ಇನ್ನೊಂದು ಮೂಲೆಯ ಮೇಲೆ ಆರು ಸಲ ಎಳೆದರೆ ಆಯಿತು. ನಾನೇ ತಿಣುಕಾಡಿ ಕಂಡುಕೊಂಡೆ, ಈಗ ನಿಮಗೆ ಕಲಿಸುತ್ತಿರುವುದೂ ಅದನ್ನೇ. ಮೇಸ್ತ್ರಿಗೂ ತೋರಿಸಿದೆ. ಗಮನವಿಟ್ಟು ನೋಡಿದರು, ಎರಡು ಮೂರು ಸಲ ಮಾಡಿಯೂ ನೋಡಿದರು. "ನಂಗೆ ಅರ್ಥ ಆಯ್ತು ಕಣಪ್ಪ. ಕೈಗೆ ಅರ್ಥ ಆಗ್ತಿಲ್ಲ" ಎಂದರು.

ತಪ್ಪಾಯಿತು ಎಂದು ಅವತ್ತು ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಇರಬೇಕು, ಬದಲಿಗೆ "ಅಭ್ಯಾಸ ಆಗುತ್ತೆ ಬಿಡಿ ಮೇಸ್ತ್ರಿ" ಎಂದೆ. ಇಂಥ ಮಾತನ್ನು ನೀವು ಯಾರಿಗೂ ಹೇಳಬೇಡಿ.

ಅವರ ಕೆಲಸ ಕೆಟ್ಟದ್ದೇನೂ ಆಗಲಿಲ್ಲ. ನಮ್ಮೆಲ್ಲರ ಕೆಲಸದಂತೆ ಆಯಿತು, ಅಷ್ಟೆ. ಅವರ ಬೆಂಚಿನಲ್ಲಿ ಉಪ್ಪು ಕಾಗದದ ಕಟ್ಟು ಕಾಣಿಸಿಕೊಂಡಿತು. ಮಿಠಾಯಿಯ ಮಾತನ್ನು ಆಮೇಲೆ ಅವರು ಎಂದೂ ಆಡಲಿಲ್ಲ. ಎಂಟು ತಿಂಗಳ ನಂತರ, ನಿವೃತ್ತಿಗೆ ಇನ್ನೂ ಎರಡು ವರ್ಷವಿರುವಾಗಲೇ, ಕಣ್ಣು ಮಂಜು ಎಂದು ಬರೆದುಕೊಟ್ಟು ಕೆಲಸ ಬಿಟ್ಟುಬಿಟ್ಟರು. ಅವರನ್ನು ಕಳಿಸಿಕೊಡುವ ದಿನ ನಾನು ಟೀ, ಬಿಸ್ಕೆಟ್ ಹಂಚುವ ಜವಾಬ್ದಾರಿ ವಹಿಸಿಕೊಂಡು ಹಿಂದೆಯೇ ಉಳಿದೆ. ಹೋಗುವಾಗ ಅವರೇ ಹತ್ತಿರ ಬಂದು ಬೆನ್ನು ತಟ್ಟಿದರು. "ಮನೇಗೆ ಬಾ ಮುನಿರಾಜ್. ಗಂಗಾನಗರ ಏನ್ ದೂರ?" ಎಂದು ಹೇಳಿ, ತೇಗದ ಪೆಟ್ಟಿಗೆಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಹೋದರು.

ಕೆಂಪಾಪುರದಿಂದ ಗಂಗಾನಗರ ದೂರವೇನಲ್ಲ. ಹೆಬ್ಬಾಳದ ಫ್ಲೈಓವರ್ ದಾಟಿದರೆ ಆಯಿತು. ನಾನು ಹೋಗಲಿಲ್ಲ. ಈ ರಂಜಾನಿಗೆ ಹೋಗೋಣ, ಮುಂದಿನ ಬಕ್ರೀದಿಗೆ ಹೋಗೋಣ ಎನ್ನುತ್ತಾ ವರ್ಷಗಳು ಕಳೆದವು. ತಡವಾದಷ್ಟೂ ಹೋಗುವುದು ಕಷ್ಟವಾಯಿತು.

ಏಳೆಂಟು ವರ್ಷದ ಹಿಂದೆ ಒಂದು ಸಲ ಅವರನ್ನು ಕಂಡೆ. ಮೇಖ್ರಿ ಸರ್ಕಲ್ ಕಡೆ ಹೋಗುವ ಬಸ್ಸಿಗೆ ಹೆಬ್ಬಾಳದಲ್ಲಿ ಕಾಯುತ್ತಿದ್ದೆ. ಮೇಸ್ತ್ರಿ ಅದೇ ಸ್ಟಾಪಿನ ಆ ತುದಿಯಲ್ಲಿ ನಿಂತಿದ್ದರು. ಗಡ್ಡ ಬೆಳ್ಳಗಾಗಿತ್ತು, ಕೈಯಲ್ಲಿ ಔಷಧಿಯ ಚೀಟಿ ಇತ್ತು. ಆಗಷ್ಟೇ ಬಂದು ನಿಂತ ಒಂದು ಬಸ್ಸಿನ ಹಿಂದಿನಿಂದ ನಾನು ನುಸುಳಿ, ರಸ್ತೆಯ ಆ ಕಡೆಗೆ ಹೋಗಿ, ಅವರು ಹತ್ತಿ ಹೋಗುವವರೆಗೂ ಒಂದು ಜ್ಯೂಸ್ ಅಂಗಡಿಯಲ್ಲಿ ನಿಂತಿದ್ದೆ. ಬೇಡದ ಜ್ಯೂಸು ಕುಡಿದೆ. ಅವರು ನೋಡಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಷ್ಟರಲ್ಲಿ ಶಾಪ್ ಕೂಡ ಬದಲಾಗಿತ್ತು. ಕಂಪ್ಯೂಟರಿನಲ್ಲಿ ಚಿತ್ರ ಬರೆದರೆ ಯಂತ್ರವೇ ಪ್ಯಾಟರ್ನ್ ಕೊರೆಯುತ್ತದೆ, ಮರದ ಬದಲು ರಾಳದ ಗಟ್ಟಿ, ಥರ್ಮಾಕೋಲು. ಯಂತ್ರದ ಅಲಗು ಮೊಂಡಾದರೆ ಬಿಸಾಡಿ ಹೊಸದು ಹಾಕುತ್ತಾರೆ. ಹನ್ನೊಂದು ಬೆಂಚಿದ್ದ ಕಡೆ ಎರಡು ಉಳಿದವು. ವರದರಾಜನ್ ಅವರ ಪ್ಲೇಟಿನ ಮೇಲೆ ಯಾರೋ ಪ್ರಿಂಟರ್ ಇಟ್ಟರು. ನಾನು ಕೊನೆಯ ವರ್ಷಗಳಲ್ಲಿ ಹೆಚ್ಚಾಗಿ ರಿಪೇರಿ ಮಾಡಿದೆ. ನನ್ನ ಗಾಜು ಹಾಗೇ ಇತ್ತು, ಅದಕ್ಕೆ ಒಂದು ಗೀರು ಕೂಡ ಬಿದ್ದಿರಲಿಲ್ಲ. ಸವೆಯುವುದೆಲ್ಲ ಕಾಗದ, ಅದನ್ನು ದಿನಾ ಕಸಕ್ಕೆ ಹಾಕುತ್ತೇವೆ. ಅಷ್ಟು ವರ್ಷ ನಾನು ಸಾಣೆ ಹಿಡಿದೆ ಎನ್ನುವುದಕ್ಕೆ ಅದರ ಮೇಲೆ ಯಾವ ಗುರುತೂ ಇಲ್ಲ.

ಮಾಕಳಿಯಲ್ಲಿ ಕಲಿಸುವಾಗ ಮೇಸ್ತ್ರಿಯ ಕಲ್ಲಿನ ವಿಷಯ ಹೇಳುತ್ತೇನೆ. ನಾನು ಸಮ ಮಾಡಿದ್ದನ್ನು ಹೇಳುವುದಿಲ್ಲ. ಹೋದ ತಿಂಗಳು ಕಲಿಯಲು ಬಂದಿದ್ದ ಹೆಣ್ಣುಮಗಳೊಬ್ಬಳು, "ಆ ಕಲ್ಲು ಈಗ ಎಲ್ಲಿದೆ ಸರ್?" ಎಂದು ಕೇಳಿಬಿಟ್ಟಳು. ಗೊತ್ತಿಲ್ಲಮ್ಮ ಎಂದೆ. ಮರುದಿನ ಬೆಳಿಗ್ಗೆ ಒಂದು ಡಜನ್ ಮೋಸಂಬಿ ಕಟ್ಟಿಸಿಕೊಂಡು ಗಂಗಾನಗರಕ್ಕೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಎರಡು ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಮೇಸ್ತ್ರಿಯ ಮಗಳು ಶಾಹೀನಾ ಬಾಗಿಲು ತೆಗೆದಳು. ಅವಳು ಸ್ಕೂಲಿಗೆ ಹೋಗುತ್ತಿದ್ದಾಗ ಒಂದೆರಡು ಸಲ ನೋಡಿದ್ದೆ, ಈಗ ತಲೆಯಲ್ಲಿ ನರೆ ಇತ್ತು. ಹೆಸರು ಹೇಳುವ ಮುಂಚೆಯೇ, "ನೀವು ಮುನಿರಾಜಣ್ಣ ಅಲ್ವಾ?" ಎಂದಳು. ಹೌದಮ್ಮ ಎಂದೆ. ಅವಳು ಬಾಗಿಲಿಗೆ ಒರಗಿಕೊಂಡಳು.

"ನಮ್ಮ ಅಬ್ಬಾ ಹೋಗಿ ಐದು ತಿಂಗಳಾಯ್ತು ಅಣ್ಣ."

ಒಳಗೆ ಕೂರಿಸಿ ನೀರು ಕೊಟ್ಟಳು. ಮೋಸಂಬಿಯ ಚೀಲವನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಿದ್ದೆ. ಅವಳು ಒಳಹೋಗಿ ತೇಗದ ಪೆಟ್ಟಿಗೆ ತಂದು ನನ್ನ ಮುಂದೆ ಇಟ್ಟಳು. "ನೀವ್ ಬಂದ್ರೆ ಕೊಡು ಅಂದಿದ್ರು" ಎಂದಳು.

ಮುಚ್ಚಳ ತೆಗೆದೆ. ಅದೇ ಕಲ್ಲು. ಎಣ್ಣೆಯ ವಾಸನೆ ಇನ್ನೂ ಇತ್ತು. ಜೊತೆಗೆ ಒಂದು ಹತ್ತರಿಯ ಅಲಗು, ಸವೆದು ಸವೆದು ಎರಡು ಬೆರಳಿನಷ್ಟು ಉಳಿದಿತ್ತು. ಕಲ್ಲಿನ ಮೇಲೆ ಹೆಬ್ಬೆರಳು ಎಳೆದೆ. ನಡುವಿಗೆ ಬಂದಾಗ ಬೆರಳು ಇಳಿಯಿತು. ಬಹಳ ಇಲ್ಲ, ಎಲ್ಲೋ ಒಂದಿಷ್ಟೇ. ಮತ್ತೆ ಎಳೆದೆ. ಹೌದು, ತಗ್ಗಿತ್ತು.

"ದಿನಾ ಬೆಳಿಗ್ಗೆ ನಮಾಜ್ ಮುಗ್ಸಿ ಕೂತ್ಕೊಂಡು ಈ ಅಲಗನ್ನ ಕಲ್ಲಿಗೆ ಉಜ್ಜೋರು ಅಣ್ಣ," ಎಂದಳು ಶಾಹೀನಾ. "ಕೈ ನಡುಗ್ತಿತ್ತು, ಆದ್ರೂ ಬಿಡ್ತಿರ್ಲಿಲ್ಲ. ಅದಕ್ಕೆ ಮುಂಚೆ ಎಷ್ಟೋ ವರ್ಷ ಅಟ್ಟದ ಮೇಲೇ ಬಿದ್ದಿತ್ತು ಆ ಪೆಟ್ಟಿಗೆ. ಒಂದಿನ ಹೆಬ್ಬಾಳದಲ್ಲಿ ಬಸ್ ಸ್ಟಾಪಲ್ಲಿ ನಿಮ್ಮನ್ನ ನೋಡಿದ್ರಂತೆ. ನೀವು ರಸ್ತೆ ದಾಟಿ ಆ ಕಡೆ ಹೋಗ್ಬಿಟ್ರಂತೆ. ಅವತ್ತು ಮನೇಗೆ ಬಂದೋರೇ ಅಟ್ಟ ಹತ್ತಿ ಇದನ್ನ ಇಳಿಸಿದ್ರು. ಏನ್ ಅಬ್ಬಾ ಇದು, ಈ ವಯಸ್ಸಲ್ಲಿ ಅಂದೆ. 'ಆ ಹುಡುಗ ಮನಸ್ಸಿಗೆ ಹಚ್ಕೊಂಡಿದಾನೆ ಕಣಮ್ಮ. ಕಲ್ಲು ಮೊದಲಿನ ಥರ ಆಯ್ತು ನೋಡು ಅಂತ ಕರೆದು ತೋರಿಸ್ಬಿಟ್ರೆ ಅವನಿಗೆ ಸಮಾಧಾನ ಆಗುತ್ತೆ' ಅಂದ್ರು."

ನನ್ನ ವಯಸ್ಸು ಅರವತ್ತೆರಡು. ಮೇಸ್ತ್ರಿಗೆ ನಾನು ಕೊನೆಯವರೆಗೂ ಹುಡುಗನೇ ಆಗಿದ್ದೆ.

"ಕರೀಬಹುದಿತ್ತಲ್ಲಮ್ಮ" ಎಂದೆ.

"ನಾನೂ ಹೇಳ್ತಾನೇ ಇದ್ದೆ, ಫೋನ್ ನಂಬರ್ ಹುಡುಕ್ತೀನಿ ಅಂತ. 'ಇನ್ನೊಂಚೂರು ಆಗ್ಲಿ, ಈಗ್ಲೇ ಕರೆದ್ರೆ ಅವನಿಗೆ ಗೊತ್ತಾಗಲ್ಲ, ಅಡಿಪಟ್ಟಿ ಇಟ್ಟು ನೋಡೋ ಅಂಥೋನು' ಅನ್ನೋರು."

ಕಲ್ಲು ಈಗ ನನ್ನ ಮನೆಯಲ್ಲಿದೆ. ಉಕ್ಕಿನ ಅಡಿಪಟ್ಟಿಯೂ ಇದೆ, ಅದರ ಪಕ್ಕದ ಡ್ರಾಯರಿನಲ್ಲೇ. ತಗ್ಗು ಎಷ್ಟು ಎಂದು ನಾನು ಇನ್ನೂ ಅಳೆದಿಲ್ಲ.